ಎರಡು ಬಸ್ಸು, ಒಬ್ಬ ಯಜಮಾನ: ಎಫ್‌ಸಿಸಿ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಶಾರ್ಲಟ್, ನಾರ್ತ್ ಕ್ಯಾರೊಲಿನಾ
ಏಪ್ರಿಲ್ 12, 2008

ಮಾನ್ಯ ಕೆವಿನ್ ಮಾರ್ಟಿನ್ ಅವರಿಗೆ,
ಅಧ್ಯಕ್ಷರು, ಎಫ್‌ಸಿಸಿ (ಅಮೆರಿಕದ ರೇಡಿಯೊ, ಟಿವಿ, ಫೋನುಗಳ ಮೇಲ್ವಿಚಾರಣೆಯ ಆಯೋಗ), ವಾಷಿಂಗ್ಟನ್

ನಮಸ್ಕಾರ ಸಾರ್.

ಈ ಪತ್ರ ಕನ್ನಡದಲ್ಲಿದೆ, ನೀವು ಓದಲಾರಿರಿ ಅಂತ ಗೊತ್ತು. ಇದನ್ನೇ ಇಂಗ್ಲಿಷಿನಲ್ಲಿ ಬರೆದು ನಿಮ್ಮ ಆಯೋಗದ 07-57ನೇ ಕಡತಕ್ಕೂ ಕಳಿಸುತ್ತೇನೆ. ಅಲ್ಲಿ ಈಗಾಗಲೇ ಸಾವಿರಾರು ಜನ ಬರೆದಿದ್ದಾರೆ, ಅದರ ಜೊತೆ ನನ್ನದೂ ಒಂದು ಇರಲಿ. ಕನ್ನಡದಲ್ಲಿ ಬರೆಯುತ್ತಿರುವುದು ನಮ್ಮ ಜನರೂ ಓದಲಿ ಅಂತ. ಈ ದೇಶದಲ್ಲಿ ದಿನಕ್ಕೆ ಎರಡು ಮೂರು ಗಂಟೆ ಕಾರಿನಲ್ಲೇ ಕಳೆಯುವ ಕನ್ನಡಿಗರು ಕಮ್ಮಿಯಿಲ್ಲ. ಅವರ ಕಾರಿನಲ್ಲೂ ಉಪಗ್ರಹ ರೇಡಿಯೊ ಇದೆ, ತಿಂಗಳಾದರೆ ಕಾರ್ಡಿನಿಂದ ದುಡ್ಡು ಹೋಗುತ್ತದೆ. ಅದನ್ನು ನಡೆಸುವ ಎಕ್ಸ್‌ಎಂ, ಸಿರಿಯಸ್ ಅನ್ನುವ ಎರಡು ಕಂಪನಿ ಒಂದಾಗಲು ಹೊರಟಿವೆ, ಅದರ ಕಾಗದ ನಿಮ್ಮ ಮೇಜಿನ ಮೇಲೆ ಒಂದು ವರ್ಷದಿಂದ ಕೂತಿದೆ ಅಂದರೆ "ಹೌದಾ?" ಅನ್ನುವವರೇ ಜಾಸ್ತಿ.

ಇನ್ನೊಂದು ಸಲಿಗೆಯೂ ಇದೆ. ನೀವು ನಮ್ಮ ಸೀಮೆಯವರು. ಶಾರ್ಲಟ್ ಕಡೆಯ ಹುಡುಗ, ಚಾಪೆಲ್ ಹಿಲ್‌ನಲ್ಲಿ ಓದಿದವರು. ನಾನು ಹೇಳುವ ರಸ್ತೆಗಳಲ್ಲಿ ನೀವೂ ಓಡಾಡಿರುತ್ತೀರಿ.

ನನ್ನ ಕೆಲಸ ಆಸ್ಪತ್ರೆಗಳ ಲ್ಯಾಬ್ ಯಂತ್ರಗಳನ್ನು ರಿಪೇರಿ ಮಾಡುವುದು. ವಾರದಲ್ಲಿ ಮೂರು ದಿನ ರಸ್ತೆ ಮೇಲೆ. ಇವತ್ತು ಆಶ್‌ವಿಲ್ ಅಂದರೆ ನಾಳೆ ಬೂನ್. ಶಾರ್ಲಟ್ ಬಿಟ್ಟು ಗಂಟೆಯೊಳಗೆ ಊರಿನ ಎಫ್‌ಎಂ ಕರಕರ ಅನ್ನಲು ಶುರು ಮಾಡುತ್ತದೆ. ಓಲ್ಡ್ ಫೋರ್ಟ್ ದಾಟಿ ಘಾಟಿ ಹತ್ತುವಷ್ಟರಲ್ಲಿ ಉಳಿಯುವುದು ಒಂದೆರಡು ಚರ್ಚಿನ ಪ್ರವಚನ, ಒಂದು ಹಳ್ಳಿ ಹಾಡಿನ ಸ್ಟೇಷನ್ನು, ಅದೂ ತಿರುವಿಗೊಮ್ಮೆ ಬಂದು ಹೋಗುತ್ತಾ. ಅಂಥ ಹೊತ್ತಿನಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ಒಂದು ಅಕ್ಷರ ತಪ್ಪದೆ ಕೇಳುತ್ತಾ ಹೋಗುವುದಿದೆಯಲ್ಲ, ಅದರ ಸುಖ ಅದನ್ನು ಅನುಭವಿಸಿದವರಿಗೇ ಗೊತ್ತು. ರಾತ್ರಿ ಹತ್ತರ ಮೇಲೆ ಒಬ್ಬನೇ ಗಾಡಿ ಓಡಿಸುವವನಿಗೆ ಅದು ಬರೀ ರೇಡಿಯೊ ಅಲ್ಲ, ಪಕ್ಕದ ಸೀಟಿನಲ್ಲಿ ಕೂತ ಮನುಷ್ಯ.

ನನ್ನ ಕಾರು ಹೋಂಡಾ. ಕಾರ್ಖಾನೆಯಿಂದಲೇ ಎಕ್ಸ್‌ಎಂ ಕೂರಿಸಿ ಬಂದದ್ದು. ಹೆಂಡತಿಯದು ಫೋರ್ಡ್, ಅದರಲ್ಲಿ ಸಿರಿಯಸ್. ನಾವು ಕಾರು ನೋಡಿ ಕೊಂಡೆವೇ ಹೊರತು ರೇಡಿಯೊ ನೋಡಿ ಅಲ್ಲ. ಯಾವ ಕಾರಿಗೆ ಯಾವ ಕಂಪನಿ ಅನ್ನುವುದು ನಮಗಿಂತ ಮುಂಚೆಯೇ ತೀರ್ಮಾನ ಆಗಿತ್ತು. ಜನರಲ್ ಮೋಟರ್ಸ್, ಹೋಂಡಾ, ಟೊಯೋಟಾ ಎಕ್ಸ್‌ಎಂ ಕಡೆ. ಫೋರ್ಡ್, ಕ್ರೈಸ್ಲರ್, ಬಿಎಂಡಬ್ಲ್ಯು ಸಿರಿಯಸ್ ಕಡೆ. ಹೀಗಾಗಿ ಒಂದೇ ಮನೆ, ಎರಡು ಬಿಲ್ಲು. ತಲಾ 12.95 ಡಾಲರ್, ಒಟ್ಟು 25.90. ಎರಡೂ ಕಾರಿನಲ್ಲಿ ಒಂದೇ ಕಂಪನಿ ಇದ್ದಿದ್ದರೆ ಎರಡನೇ ರೇಡಿಯೊಗೆ 6.99 ಮಾತ್ರ, ಒಟ್ಟು 19.94ರಲ್ಲಿ ಮುಗಿಯುತ್ತಿತ್ತು. ಅಂದರೆ ಇವೆರಡೂ ಒಂದಾದರೆ ನನಗೆ ತಿಂಗಳಿಗೆ ಆರು ಡಾಲರ್ ಹತ್ತಿರ ಉಳಿದರೂ ಉಳಿಯಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಲಾಭ ಆಗಬಹುದಾದ ಮದುವೆಗೇ ನಾನು ತಕರಾರು ಎತ್ತುತ್ತಿರುವುದು.

ನಮ್ಮವರಿಗಾಗಿ ಒಂದೆರಡು ಹಳೆಯ ಮಾತು. 1997ರಲ್ಲಿ ನಿಮ್ಮ ಆಯೋಗ ಆಕಾಶದ ಈ ತರಂಗಗಳನ್ನು ಹರಾಜು ಹಾಕಿತು. ಮುಂದೆ ಸಿರಿಯಸ್ ಅನ್ನಿಸಿಕೊಂಡ ಕಂಪನಿ ಸುಮಾರು 8.3 ಕೋಟಿ ಡಾಲರ್ ಕೊಟ್ಟಿತು, ಮುಂದೆ ಎಕ್ಸ್‌ಎಂ ಆದದ್ದು ಸುಮಾರು 9 ಕೋಟಿ. ಇಬ್ಬರಿಗೂ ಸಮಪಾಲು, 12.5 ಮೆಗಾಹರ್ಟ್ಸ್. ಕೊಡುವಾಗ ನಿಮ್ಮ ಆಯೋಗ ಎರಡು ಷರತ್ತು ಬರೆದಿತ್ತು. ಒಂದು, ಇವರಲ್ಲಿ ಒಬ್ಬರು ಇನ್ನೊಬ್ಬರನ್ನು ಕೈವಶ ಮಾಡಿಕೊಳ್ಳುವಂತಿಲ್ಲ. ಎರಡು, ಇಬ್ಬರ ಪ್ರಸಾರವನ್ನೂ ಹಿಡಿಯುವಂಥ ರೇಡಿಯೊ ಪೆಟ್ಟಿಗೆಯ ವಿನ್ಯಾಸ ಆಗಬೇಕು. 2001ರ ಸೆಪ್ಟೆಂಬರಿನಲ್ಲಿ ಎಕ್ಸ್‌ಎಂ ಪ್ರಸಾರ ಶುರುವಾಯಿತು, 2002ರ ಫೆಬ್ರವರಿಯಲ್ಲಿ ಸಿರಿಯಸ್. ಈಗ ಎರಡಕ್ಕೂ ಸೇರಿ 1.7 ಕೋಟಿಗೂ ಜಾಸ್ತಿ ಚಂದಾದಾರರು. ಹೋದ ವರ್ಷ ಫೆಬ್ರವರಿ 19ಕ್ಕೆ "ನಾವು ಒಂದಾಗುತ್ತೇವೆ" ಅಂತ ಇಬ್ಬರೂ ಘೋಷಿಸಿದರು. ನವೆಂಬರಿನಲ್ಲಿ ಷೇರುದಾರರು ಒಪ್ಪಿದರು. ಮೂರು ವಾರದ ಹಿಂದೆ, ಮಾರ್ಚ್ 24ಕ್ಕೆ, ನ್ಯಾಯ ಇಲಾಖೆಯವರು "ನಮ್ಮ ಅಡ್ಡಿ ಇಲ್ಲ" ಅಂದುಬಿಟ್ಟರು. ಇನ್ನು ಉಳಿದಿರುವುದು ನೀವು ಮತ್ತು ನಿಮ್ಮ ನಾಲ್ವರು ಜೊತೆಗಾರರು.

ಈಗ ನಮ್ಮೂರಿನ ಒಂದು ವಿಷಯ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ನಾನು ಹೈಸ್ಕೂಲಿಗೆ ಹೋಗುವಾಗ ಬೆಳಿಗ್ಗೆ ಪೇಟೆಗೆ ಎರಡು ಖಾಸಗಿ ಬಸ್ಸು. ಏಳೂಕಾಲಕ್ಕೆ ಕೆಂಪು ಬಸ್ಸು, ಏಳೂಮುಕ್ಕಾಲಕ್ಕೆ ನೀಲಿ ಬಸ್ಸು. ಯಜಮಾನರು ಬೇರೆ ಬೇರೆ. ಟಿಕೆಟ್ ದರ ಸರ್ಕಾರ ಗೊತ್ತು ಮಾಡಿದ್ದು, ಎರಡರಲ್ಲೂ ಒಂದೇ. ಹಾಗಾದರೆ ಪೈಪೋಟಿ ಎಲ್ಲಿತ್ತು? ಕಂಡಕ್ಟರನ ನಾಲಿಗೆಯಲ್ಲಿತ್ತು. ಅಮ್ಮ ಬಾಗಿಲಿಗೆ ಬೀಗ ಹಾಕಿ ಗದ್ದೆ ಅಂಚಿನ ಮೇಲೆ ಓಡಿ ಬರುತ್ತಿದ್ದರೆ ಕೆಂಪು ಬಸ್ಸಿನವನು "ನಿಧಾನ ಬನ್ನಿ ಅಮ್ಮಾ, ಬಿದ್ದುಗಿದ್ದೀರಿ" ಅಂತ ಕೂಗಿ ಕಾಯುತ್ತಿದ್ದ. ಬಾಳೆಗೊನೆ ಮೇಲೆ ಹಾಕಿದ್ದಕ್ಕೆ ದುಡ್ಡು ಕೇಳುತ್ತಿರಲಿಲ್ಲ. ಕೇಳಿದರೆ ಅಮ್ಮ ಅರ್ಧ ಗಂಟೆ ಕೂತು ನೀಲಿ ಬಸ್ಸು ಹತ್ತುತ್ತಾರೆ ಅಂತ ಅವನಿಗೆ ಗೊತ್ತಿತ್ತು.

ನಾನು ಒಂಬತ್ತನೇ ಕ್ಲಾಸಿನಲ್ಲಿರುವಾಗ ಕೆಂಪು ಬಸ್ಸಿನ ಯಜಮಾನರು ನೀಲಿ ಬಸ್ಸನ್ನೂ ಕೊಂಡರು. ಟಿಕೆಟ್ ದರ ಹತ್ತು ಪೈಸೆ ಏರಲಿಲ್ಲ, ಏರಿಸುವ ಹಾಗೂ ಇರಲಿಲ್ಲ. ಆರು ತಿಂಗಳಿಗೆ ಏಳೂಮುಕ್ಕಾಲಿನ ಬಸ್ಸು ನಿಂತಿತು, ಜನ ಇಲ್ಲ ಅಂದರು. ಆಮೇಲೆ ಗೊನೆಗೆ ಲಗೇಜು ಚೀಟಿ ಬಂತು. ಅದೇ ಕಂಡಕ್ಟರ್, ಅದೇ ಬಾಯಿ, "ಬರೋದಾದ್ರೆ ಬೇಗ ಬನ್ನಿ, ಇಲ್ಲಾಂದ್ರೆ ಬಿಡಿ" ಅನ್ನತೊಡಗಿದ. ದರಪಟ್ಟಿ ಮಾತ್ರ ಡ್ರೈವರ್ ಹಿಂದಿನ ಹಲಗೆ ಮೇಲೆ ಹಾಗೇ ಇತ್ತು, ಅದೇ ಅಂಕಿ, ಅದೇ ಬಣ್ಣ.

ಈ ಬಸ್ಸಿನ ಸುದ್ದಿ ಯಾಕೆ ಅಂದರೆ, ಒಂದಾದ ಮೇಲೆ ದರ ಏರಿಸುವುದಿಲ್ಲ ಅಂತ ಎರಡೂ ಕಂಪನಿ ಮಾತು ಕೊಡುತ್ತಿವೆ. ಪತ್ರಿಕೆಗಳಲ್ಲೂ ಬರೀ ದರದ ಚರ್ಚೆ. ಸಾರ್, ದರ ಇವತ್ತೂ ಎರಡರಲ್ಲೂ ಒಂದೇ. ಎಕ್ಸ್‌ಎಂ ಮೊದಲು 9.99 ಇತ್ತು, 2005ರಲ್ಲಿ 12.95ಕ್ಕೆ ಏರಿ ಸಿರಿಯಸ್ಸಿನ ಸಮಕ್ಕೆ ನಿಂತಿತು. ಇವರ ಪೈಪೋಟಿ ದರದಲ್ಲಿ ಯಾವತ್ತೂ ಹೆಚ್ಚಿಗೆ ಇರಲಿಲ್ಲ. ಅದು ಇದ್ದದ್ದು ಬೇರೆ ಕಡೆ. ಒಬ್ಬರು ಬೇಸ್‌ಬಾಲ್ ಹಿಡಿದರೆ ಇನ್ನೊಬ್ಬರು ಎನ್‌ಎಫ್‌ಎಲ್ ಫುಟ್‌ಬಾಲ್ ಹಿಡಿದರು. ಸಿರಿಯಸ್ ಐದು ವರ್ಷಕ್ಕೆ 50 ಕೋಟಿ ಡಾಲರ್ ಸುರಿದು ಪೋಲಿ ಮಾತಿಗೆ ಹೆಸರಾದ ಹಾವರ್ಡ್ ಸ್ಟರ್ನ್ ಅವರನ್ನು ಕರೆತಂದಿತು, ಎಕ್ಸ್‌ಎಂ ಓಪ್ರಾ ಅವರನ್ನು ಕೂರಿಸಿತು. ಪಬ್ಲಿಕ್ ರೇಡಿಯೊದ ಬೆಳಗಿನ ಕಾರ್ಯಕ್ರಮದಿಂದ ಬಾಬ್ ಎಡ್ವರ್ಡ್ಸ್ ಅವರನ್ನು ಎಬ್ಬಿಸಿದಾಗ ಎಕ್ಸ್‌ಎಂ ಅವರಿಗೆ ಒಂದು ಗಂಟೆಯ ಜಾಗ ಕೊಟ್ಟಿತು. ನನಗೆ ಸ್ಟರ್ನ್ ಬೇಡ, ಕಾರಿನಲ್ಲಿ ಮಗಳಿರುತ್ತಾಳೆ. ಆದರೆ ಎಡ್ವರ್ಡ್ಸ್ ಬೇಕು. ಆ ಒಂದು ಗಂಟೆ ಯಾಕೆ ಸಿಕ್ಕಿತು? ಪಕ್ಕದ ಅಂಗಡಿಯಲ್ಲಿ ಇಲ್ಲದ್ದು ನಮ್ಮಲ್ಲಿರಲಿ ಅನ್ನುವ ಹಟ. ಪಕ್ಕದ ಅಂಗಡಿಯೇ ಇಲ್ಲ ಅಂದಮೇಲೆ ಆ ಹಟ ಯಾಕೆ ಇರುತ್ತದೆ?

ಎರಡೂ ಕಡೆ ಜಾಝ್ ಚಾನೆಲ್ ಇದೆ. ಎರಡೂ ಕಡೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಬ್ಲೂಸ್, ಹಳೇ ಹಾಡು ಇವೆ. ಹೆಸರು ಬೇರೆ, ಹಾಡು ಆರಿಸುವ ಜನ ಬೇರೆ, ರುಚಿ ಬೇರೆ. ಎರಡು ಅಡುಗೆ ಮನೆಯನ್ನು ಒಂದು ಮಾಡಿದ ಮೇಲೆ ಎರಡು ಸಾರು ಯಾರೂ ಕುದಿಸುವುದಿಲ್ಲ. ಖರ್ಚು ಉಳಿಸಲಿಕ್ಕೇ ಒಂದಾಗುತ್ತಿದ್ದೇವೆ ಅಂತ ಅವರೇ ಹೇಳುತ್ತಿದ್ದಾರೆ. ಆ ಉಳಿತಾಯ ಬರುವುದು ಎಲ್ಲಿಂದ? ಸ್ವಲ್ಪ ಜಾಹೀರಾತಿನಿಂದ, ಸ್ವಲ್ಪ ಕಚೇರಿಯಿಂದ, ಇನ್ನು ಸ್ವಲ್ಪ ಮೈಕಿನ ಮುಂದೆ ಕೂತವರಿಂದ. ಕಡಿಮೆ ಜನ ಕೇಳುವ ಚಾನೆಲ್ಲುಗಳು ಮೊದಲು ಹೋಗುತ್ತವೆ. ಆದರೆ ಕಡಿಮೆ ಜನ ಕೇಳುವುದು ಸಿಗುತ್ತದೆ ಅಂತಲೇ ಅಲ್ವಾ ನಾವು ದುಡ್ಡು ಕೊಟ್ಟು ರೇಡಿಯೊ ಕೇಳುತ್ತಿರುವುದು? ಎಲ್ಲರೂ ಕೇಳುವುದು ಬೇಕಿದ್ದರೆ ಎಫ್‌ಎಂ ಪುಕ್ಕಟೆ ಇದೆ.

ಇನ್ನು ನ್ಯಾಯ ಇಲಾಖೆಯವರ ತರ್ಕ. ಇದನ್ನು ಓದಿ ನಾನು ಕಾಫಿ ಲೋಟ ಕೆಳಗಿಟ್ಟೆ.

ಅವರು ಹೇಳುವುದು ಇದು. ಒಂದು ಕಂಪನಿಯ ಪೆಟ್ಟಿಗೆ ಕೊಂಡವನು ಇನ್ನೊಂದಕ್ಕೆ ಹೋಗುವುದು ಅಪರೂಪ, ಯಾಕೆಂದರೆ ಹೊಸ ಪೆಟ್ಟಿಗೆ ಕೊಳ್ಳಬೇಕು. ಹೊಸ ಚಂದಾದಾರರು ಬಹುಪಾಲು ಕಾರಿನ ಜೊತೆ ಬರುತ್ತಾರೆ, ಕಾರು ಕಂಪನಿಗಳ ಜೊತೆ ವರ್ಷಗಟ್ಟಲೆಯ ಒಪ್ಪಂದ ಆಗಿಹೋಗಿದೆ. ಹಾಗಾಗಿ ಇವರಿಬ್ಬರ ನಡುವೆ ಈಗಲೇ ದೊಡ್ಡ ಪೈಪೋಟಿ ಇಲ್ಲ. ಇಲ್ಲದ ಪೈಪೋಟಿ ಹೋದರೆ ನಷ್ಟ ಏನು?

ಒಂದು ನಿಮಿಷ ಯೋಚಿಸಿ. ಪೆಟ್ಟಿಗೆ ಬದಲಾಯಿಸಬೇಕಾದ ಪರಿಸ್ಥಿತಿ ಬಂದದ್ದು ಯಾಕೆ? 1997ರಲ್ಲಿ ನೀವೇ ಕೇಳಿದ್ದ ಎರಡೂ ಹಿಡಿಯುವ ಪೆಟ್ಟಿಗೆ ಅಂಗಡಿಗೆ ಬರಲೇ ಇಲ್ಲ. ಇಬ್ಬರೂ ಸೇರಿ ಅದಕ್ಕೆ ಒಂದು ಜಂಟಿ ಕಂಪನಿ ಕಟ್ಟಿದರು, ವಿನ್ಯಾಸ ಆಯಿತು ಅಂದರು. ಹನ್ನೊಂದು ವರ್ಷ ಆದರೂ ನಮ್ಮಂಥವರ ಕೈಗೆ ಒಂದೂ ಬಂದಿಲ್ಲ. ಅದು ಬಂದಿದ್ದರೆ ಇವತ್ತು ಒಬ್ಬರ ಮೇಲೆ ಸಿಟ್ಟು ಬಂದವನು ಫೋನೆತ್ತಿ "ನಾಳೆಯಿಂದ ಅವರದ್ದು ಹಾಕಿಸ್ತೀನಿ" ಅನ್ನಬಹುದಿತ್ತು. ಪೆಟ್ಟಿಗೆ ಅದೇ, ಕಾರು ಅದೇ. ನ್ಯಾಸ್ಕಾರ್ ಕಾರ್ ರೇಸಿನ ಉದಾಹರಣೆ ನೋಡಿ, ನಮ್ಮ ಶಾರ್ಲಟ್‌ನಲ್ಲಿ ಅದು ಜಾತ್ರೆ ಇದ್ದ ಹಾಗೆ. 2007ರಲ್ಲಿ ಅದರ ಪ್ರಸಾರ ಎಕ್ಸ್‌ಎಂನಿಂದ ಸಿರಿಯಸ್‌ಗೆ ಹೋಯಿತು. ರೇಸು ಕೇಳಲಿಕ್ಕೆಂದೇ ಎಕ್ಸ್‌ಎಂ ಹಾಕಿಸಿಕೊಂಡವರು ಹೊಸ ಪೆಟ್ಟಿಗೆ ಕೊಳ್ಳಬೇಕು, ಇಲ್ಲವೇ ರೇಸು ಬಿಡಬೇಕು. ಎರಡೂ ಹಿಡಿಯುವ ಪೆಟ್ಟಿಗೆ ಇದ್ದಿದ್ದರೆ ಈ ಪಾಡು ಇರುತ್ತಿರಲಿಲ್ಲ.

ಬಾಗಿಲಿಗೆ ಬೀಗ ಹಾಕಿದವರೇ ಬಂದು, "ನೋಡಿ, ಈ ಮನೆಯವರು ಹೊರಗೇ ಬರುವುದಿಲ್ಲ, ಇವರಿಗೆ ಬಾಗಿಲು ಯಾಕೆ" ಅಂತ ಕೇಳಿದ ಹಾಗಾಯಿತು. ನ್ಯಾಯ ಇಲಾಖೆ ಅದಕ್ಕೆ ಹೌದು ಅಂದಿತು. ನೀವೂ ಅನ್ನಬೇಡಿ. ಆ ಷರತ್ತು ಬರೆದದ್ದು ನ್ಯಾಯ ಇಲಾಖೆ ಅಲ್ಲ, ನಿಮ್ಮ ಆಯೋಗ.

ಈಗ ನಿಮಗೆ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಕೇಬಲ್ ಟಿವಿಯಲ್ಲಿ ಬೇಕಾದ ಚಾನೆಲ್ಲಿಗೆ ಮಾತ್ರ ದುಡ್ಡು ಕೊಡುವ ಹಾಗಿರಬೇಕು ಅಂತ ನೀವು ವರ್ಷಗಳಿಂದ ಹೇಳುತ್ತಾ ಬಂದಿದ್ದೀರಿ. ನನಗೂ ಆ ಮಾತು ಹಿಡಿಸುತ್ತದೆ. ಸಿರಿಯಸ್ಸಿನ ಮುಖ್ಯಸ್ಥ ಮೆಲ್ ಕಾರ್ಮಝಿನ್ ಅವರಿಗೆ ಇದು ಗೊತ್ತಿಲ್ಲವೇ? ಹೋದ ಜುಲೈನಲ್ಲಿ ನಿಮಗೆ ಇಷ್ಟವಾದ ಅಡುಗೆಯನ್ನೇ ಮಾಡಿ ಎಲೆಗೆ ಬಡಿಸಿದರು. ಒಂದಾಗಲು ಬಿಟ್ಟರೆ 50 ಚಾನೆಲ್ ಆರಿಸಿಕೊಂಡವರಿಗೆ 6.99 ಡಾಲರ್, ಅದರ ಮೇಲೆ ಬೇಕಾದ ಒಂದೊಂದಕ್ಕೆ 25 ಸೆಂಟು. ಇದ್ದದ್ದನ್ನೇ ಇಟ್ಟುಕೊಂಡು ಇನ್ನೊಬ್ಬರ ಆಯ್ದ ಚಾನೆಲ್ ಕೂಡ ಬೇಕೆಂದರೆ 16.99.

ರಾತ್ರಿ ಊಟ ಆದ ಮೇಲೆ ಹಾಳೆ ತಗೊಂಡು ಲೆಕ್ಕ ಹಾಕಿದೆ. 50ರ ಮೇಲೆ ಇನ್ನೂ 24 ಚಾನೆಲ್ ಸೇರಿಸಿದರೆ ಆರು ಡಾಲರ್. ಒಟ್ಟು 12.99. ಅಂದರೆ 74 ಚಾನೆಲ್ಲಿಗೆ ಈಗ ಕೊಡುವುದಕ್ಕಿಂತ ನಾಲ್ಕು ಸೆಂಟು ಜಾಸ್ತಿ. ಈಗ ಕೊಡುವ 12.95ಕ್ಕೆ ಸಿರಿಯಸ್ಸಿನಲ್ಲಿ 130, ಎಕ್ಸ್‌ಎಂನಲ್ಲಿ 170 ಚಾನೆಲ್ ಅಂತ ಅವರದೇ ಜಾಹೀರಾತು. ಐವತ್ತೇ ಸಾಕು ಅನ್ನುವವರಿಗೆ ನಿಜವಾಗಿ ಲಾಭ, ಇಲ್ಲ ಅನ್ನುವುದಿಲ್ಲ. ನಾನು ನೆಟ್ಟಗೆ ಎಣಿಸಿದರೆ ಹನ್ನೆರಡು ಚಾನೆಲ್ ಕೇಳುತ್ತೇನೆ. ಹಾಗಾದರೆ ನನಗೆ ಹೇಳಿ ಮಾಡಿಸಿದ್ದು, ಅಲ್ವಾ?

ಅಲ್ಲ. ಬಿಡಿಬಿಡಿಯಾಗಿ ಆರಿಸಿಕೊಳ್ಳಬೇಕೆಂದರೆ ಹೊಸ ಪೆಟ್ಟಿಗೆ ಬೇಕು. ಈಗ ಕಾರಿನಲ್ಲಿರುವುದರಲ್ಲಿ ಆಗುವುದಿಲ್ಲ. ಹೋಂಡಾದ ಡ್ಯಾಶ್‌ಬೋರ್ಡ್ ಕಿತ್ತು, ಒಳಗಿರುವ ರೇಡಿಯೊ ಬದಲಾಯಿಸಿ, ಮತ್ತೆ ಮುಚ್ಚಲು ಎಷ್ಟು ಕೇಳುತ್ತಾರೆ ಅಂತ ಮೆಕ್ಯಾನಿಕ್‌ನನ್ನು ವಿಚಾರಿಸಿದೆ. ಅವನು ನಕ್ಕ. "ಕಿಟಕಿ ಮೇಲೆ ಅಂಟಿಸೋ ಚಿಕ್ಕ ಪೆಟ್ಟಿಗೆ ತಗೊಳ್ಳಿ, ಕಾರು ಕುಯ್ಯಬೇಡಿ" ಅಂದ. ಅಂದರೆ ಕಾರಿನ ಬೆಲೆಯಲ್ಲೇ ದುಡ್ಡು ಕೊಟ್ಟು ತಂದ ರೇಡಿಯೊ ಒಳಗೆ ಸುಮ್ನೆ ಕೂತಿರಬೇಕು, ಮೇಲೆ ವೈರು ನೇತಾಡಿಸಿಕೊಂಡು ಇನ್ನೊಂದು ಇಡಬೇಕು. ಕಾರಿನ ಜೊತೆ ರೇಡಿಯೊ ಬಂದ ಲಕ್ಷಾಂತರ ಜನಕ್ಕೆ ಈ 6.99 ಬರೀ ಮೂಗಿಗೆ ಸವರಿದ ತುಪ್ಪ. ವಾಸನೆ ಬರುತ್ತದೆ, ಬಾಯಿಗೆ ಸಿಗುವುದಿಲ್ಲ.

ಇನ್ನೂ ಒಂದಿದೆ, ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುತ್ತಿಲ್ಲ. ಹಾಡುಗಳ ರಾಯಲ್ಟಿ. ಡಿಸೆಂಬರಿನಲ್ಲಿ ಅದರ ದರ ಗೊತ್ತು ಮಾಡುವ ಮಂಡಳಿ ತೀರ್ಪು ಕೊಟ್ಟಿತು. ಈ ಕಂಪನಿಗಳು ತಮ್ಮ ಆದಾಯದಲ್ಲಿ ಈಗ ಶೇ. 6 ಕೊಡಬೇಕು, ಅದು ಮೆಲ್ಲಗೆ ಏರಿ 2012ಕ್ಕೆ ಶೇ. 8 ಆಗುತ್ತದೆ. ಹಾಡಿದವರಿಗೆ ದುಡ್ಡು ಹೋಗಲಿ, ಅದರಲ್ಲಿ ತಪ್ಪಿಲ್ಲ. ಆದರೆ "ದರ ಏರಿಸುವುದಿಲ್ಲ" ಅಂದ ಕಂಪನಿ ಬಿಲ್ಲಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಬಹುದು. ದರ ಅದೇ 12.95. ಕೆಳಗೆ ಸಂಗೀತ ಶುಲ್ಕ, ಅದರ ಕೆಳಗೆ ಪೆಟ್ಟಿಗೆ ಶುರು ಮಾಡುವ ಶುಲ್ಕ. ನಮ್ಮ ಬಸ್ಸಿನ ಲಗೇಜು ಚೀಟಿ ಬಂದದ್ದೂ ಹೀಗೇ. ಆದ್ದರಿಂದ ನೀವು ದರ ಕಟ್ಟಿಹಾಕುವುದಾದರೆ ಬರೀ ಮೇಲಿನ ಸಾಲನ್ನು ಕಟ್ಟಬೇಡಿ, ಕೆಳಗಿನ ಒಟ್ಟು ಮೊತ್ತವನ್ನು ಕಟ್ಟಿ.

ಈಗ ಆ ಕಡೆಯ ಮಾತನ್ನೂ ಹೇಳಬೇಕು. ಇವೆರಡೂ ಸುಖದಲ್ಲಿರುವ ಕಂಪನಿಗಳಲ್ಲ. ಹೋದ ವರ್ಷ ಎಕ್ಸ್‌ಎಂಗೆ ಸುಮಾರು 68 ಕೋಟಿ ಡಾಲರ್ ನಷ್ಟ, ಸಿರಿಯಸ್‌ಗೆ ಸುಮಾರು 56 ಕೋಟಿ. ಆಕಾಶದಲ್ಲಿ ಉಪಗ್ರಹ ಇಟ್ಟುಕೊಂಡು ನೆಲದ ಮೇಲೆ ಸಾಲ ಮಾಡಿದ್ದಾರೆ. ನಾಳೆ ಒಂದು ಮುಳುಗಿದರೆ ನಮ್ಮ ಎರಡು ಕಾರಿನಲ್ಲಿ ಒಂದರ ರೇಡಿಯೊ ಕಲ್ಲಾಗುತ್ತದೆ. ಇದು ಸುಮ್ನೆ ಹೆದರಿಕೆ ಅಲ್ಲ. ಬೆಂಗಳೂರಿನಲ್ಲಿ ನಮ್ಮಕ್ಕನ ಮನೆಯಲ್ಲಿ ವರ್ಲ್ಡ್‌ಸ್ಪೇಸ್ ಅನ್ನುವ ಉಪಗ್ರಹ ರೇಡಿಯೊದ ಪೆಟ್ಟಿಗೆ ಇದೆ. ಅಂಗೈ ಅಗಲದ ಆಂಟೆನಾ ಕಿಟಕಿ ಸರಳಿಗೆ ಕಟ್ಟಿದ್ದಾರೆ. ಬೆಳಿಗ್ಗೆ ಶ್ರುತಿ ಚಾನೆಲ್ಲಿನಲ್ಲಿ ಕರ್ನಾಟಕ ಸಂಗೀತ, ಮಧ್ಯಾಹ್ನ ಸ್ಪರ್ಶ ಚಾನೆಲ್ಲಿನಲ್ಲಿ ಕನ್ನಡ ಹಾಡು. ಎಕ್ಸ್‌ಎಂ ಹುಟ್ಟುವಾಗ ಇದೇ ವರ್ಲ್ಡ್‌ಸ್ಪೇಸ್ ಅದರ ಪಾಲುದಾರ ಆಗಿತ್ತು, ಮುಂದೆ 2005ರಲ್ಲಿ ಎಕ್ಸ್‌ಎಂ ಇದರಲ್ಲಿ ದುಡ್ಡು ಹಾಕಿತು. ದಾಯಾದಿಗಳು ಅನ್ನಬಹುದು. ಆ ವರ್ಲ್ಡ್‌ಸ್ಪೇಸ್ ಕೂಡ ನಷ್ಟದಲ್ಲೇ ಓಡುತ್ತಿದೆ. "ಇದು ನಿಂತರೆ ಬೇರೆ ಇಲ್ವಲ್ಲೋ" ಅಂತ ಅಕ್ಕ ಹೋದ ವಾರ ಯುಗಾದಿಗೆ ಫೋನ್ ಮಾಡಿದಾಗಲೂ ಅಂದಳು. ಎರಡು ಇದ್ದು ಒಂದಾಗುವುದಕ್ಕೂ, ಒಂದೇ ಇದ್ದು ಅದೂ ಇಲ್ಲವಾಗುವುದಕ್ಕೂ ವ್ಯತ್ಯಾಸ ಇದೆ, ಒಪ್ಪಿದೆ. ನನ್ನ ಲೆಕ್ಕದಲ್ಲಿ ಕಂಪನಿಗಳ ಪರವಾದ ಗಟ್ಟಿ ಮಾತು ಇದೊಂದೇ.

ಐಪಾಡ್ ಮಾತೂ ಅವರು ಎತ್ತುತ್ತಾರೆ. ಎಫ್‌ಎಂ, ಐಪಾಡ್, ಫೋನು, ಇಂಟರ್‌ನೆಟ್ ರೇಡಿಯೊ ಎಲ್ಲವೂ ನಮಗೆ ಪೈಪೋಟಿ, ಹಾಗಾಗಿ ನಾವು ಒಂದಾದರೂ ಏಕಸ್ವಾಮ್ಯ ಅಲ್ಲ ಅಂತ. ನನ್ನ ಹದಿನೈದರ ಮಗಳನ್ನು ಕೇಳಿದರೆ ಹೌದು ಅನ್ನುತ್ತಾಳೆ. ಕಾರು ಹತ್ತಿದ ಕೂಡಲೇ ಕಿವಿಗೆ ವೈರು ಸಿಕ್ಕಿಸಿಕೊಳ್ಳುತ್ತಾಳೆ. "ಅಪ್ಪಾ, ಬೇರೆಯವ್ರು ಹಾಕಿದ ಹಾಡನ್ನ ದುಡ್ಡು ಕೊಟ್ಟು ಯಾರ್ ಕೇಳ್ತಾರೆ?" ಅನ್ನುವುದು ಅವಳ ಪ್ರಶ್ನೆ. ಇನ್ನು ಹತ್ತು ವರ್ಷಕ್ಕೆ ಅವಳದೇ ಸರಿ ಆಗಬಹುದು. ಆದರೆ ಇವತ್ತು, ಬೂನ್ ಘಾಟಿಯಲ್ಲಿ, ರಾತ್ರಿ, ಮಳೆಯಲ್ಲಿ, ನನ್ನ ಫೋನಿಗೆ ಸಿಗ್ನಲ್ಲೇ ಇರುವುದಿಲ್ಲ. ಐಪಾಡ್ ಸುದ್ದಿ ಹೇಳುವುದಿಲ್ಲ.

ಇಂಥದ್ದೇ ಪ್ರಶ್ನೆ ನಿಮ್ಮ ಮುಂದೆ ಮೊದಲೂ ಬಂದಿತ್ತು. 2002ರಲ್ಲಿ ಡಿಶ್‌ನ ಎಕೋಸ್ಟಾರ್ ಮತ್ತು ಡೈರೆಕ್‌ಟಿವಿ ಅನ್ನುವ ಎರಡು ಉಪಗ್ರಹ ಟಿವಿ ಕಂಪನಿ ಒಂದಾಗಲು ಹೊರಟಾಗ ಆಯೋಗ ಬೇಡ ಅಂದಿತು. ನೀವು ಆಗ ಅಲ್ಲಿ ಸದಸ್ಯರಾಗಿದ್ದಿರಿ. ಕೇಬಲ್ ಇಲ್ಲದ ಹಳ್ಳಿಯವರಿಗೆ ಇರುವ ಎರಡರಲ್ಲಿ ಒಂದು ಹೋದರೆ ಗತಿ ಏನು ಅನ್ನುವುದು ಅವತ್ತಿನ ದೊಡ್ಡ ಕಾಳಜಿ. ಎಫ್‌ಎಂ ಮುಟ್ಟದ ಗುಡ್ಡದ ರಸ್ತೆಗಳಲ್ಲಿ ನಾವು ಅದೇ ಹಳ್ಳಿಯವರು.

ಹಾಗಂತ ನನ್ನನ್ನು ಎಫ್‌ಎಂ ಸ್ಟೇಷನ್ ಮಾಲೀಕರ ಸಂಘದ ಜೊತೆ ಸೇರಿಸಬೇಡಿ. ಎನ್‌ಎಬಿ ಅನ್ನುವ ಆ ಸಂಘದವರು ಈ ವಿಲೀನದ ವಿರುದ್ಧ ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದಾರೆ, ಚಂದಾದಾರರ ಹಿತ ಅಂತ ಕಣ್ಣೀರು ಹಾಕುತ್ತಿದ್ದಾರೆ. ಚಂದಾದಾರರ ಮೇಲೆ ಇವರಿಗೆ ಪ್ರೀತಿ ಹುಟ್ಟಿದ್ದು ಯಾವಾಗಿನಿಂದ? ತಮಗೆ ಪೈಪೋಟಿ ಇಲ್ಲ ಅಂದರೆ ಇಷ್ಟು ಖರ್ಚು ಮಾಡಿ ಯಾಕೆ ಜಗಳ ಆಡುತ್ತಾರೆ? ಈ ಒಂದು ಪ್ರಶ್ನೆ ಕಂಪನಿಗಳವರು ಸರಿಯಾಗೇ ಕೇಳಿದ್ದಾರೆ.

ಹಾಗಾದರೆ ನನಗೆ ಏನು ಬೇಕು? ಬೇಡವೇ ಬೇಡ ಅಂತ ಹಟ ಹಿಡಿಯುವುದಿಲ್ಲ. ನೀವು ಹೌದು ಅನ್ನುವ ಹಾಗೆ ಗಾಳಿ ಬೀಸುತ್ತಿದೆ. ಅನ್ನುವುದಾದರೆ ಬರೀ ಹೌದು ಅನ್ನಬೇಡಿ.

ಮೊದಲು ಪೆಟ್ಟಿಗೆ. ಎರಡೂ ಪ್ರಸಾರ ಹಿಡಿಯುವ ರೇಡಿಯೊ ಇಂಥ ತಿಂಗಳೊಳಗೆ ಅಂಗಡಿಯಲ್ಲಿರಬೇಕು ಅಂತ ತಾರೀಕು ಹಾಕಿ ಬರೆಯಿರಿ. ಅದಕ್ಕಿಂತ ಮುಖ್ಯ, ಆ ಪೆಟ್ಟಿಗೆಯನ್ನು ಯಾರು ಬೇಕಾದರೂ ತಯಾರಿಸುವ ಹಾಗಿರಲಿ, ಅದರೊಳಗೆ ಎಫ್‌ಎಂ, ಐಪಾಡ್ ತೂತು, ನಾಳೆ ಬರುವ ಇನ್ನೇನೋ ಸೇರಿಸಲು ಕಂಪನಿಯ ಅಪ್ಪಣೆ ಬೇಡದಿರಲಿ. ಐಪಾಡ್ ನಮಗೆ ಪೈಪೋಟಿ ಅಂತ ಅವರೇ ಹೇಳಿದರಲ್ಲ, ಹಾಗಿದ್ದರೆ ಆ ಪೈಪೋಟಿ ಡ್ಯಾಶ್‌ಬೋರ್ಡಿನಲ್ಲೇ ಪಕ್ಕಪಕ್ಕ ಕೂತಿರಲಿ.

ಆಮೇಲೆ ಹಳೆ ಪೆಟ್ಟಿಗೆಗಳು. ಎಕ್ಸ್‌ಎಂ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಒಂದೇ ಕಡೆ ನಿಂತಿವೆ. ನಮಗೆ ದಕ್ಷಿಣಕ್ಕೆ ಕಾಣುತ್ತವೆ, ಆ ಕಡೆ ಗುಡ್ಡ ಇದ್ದರೆ ಮರೆಯಾಗುತ್ತವೆ. ಮೊದಲು ಹಾರಿಸಿದ ಎರಡರಲ್ಲಿ ಒಂದರ ಹೆಸರು ರಾಕ್, ಇನ್ನೊಂದರದ್ದು ರೋಲ್, ಹೆಸರಿಟ್ಟವರಿಗೆ ನಮಸ್ಕಾರ. ಸಿರಿಯಸ್ಸಿನ ಮೂರು ಉಪಗ್ರಹ ಸುತ್ತುತ್ತಾ ಇರುತ್ತವೆ, ಒಂದಲ್ಲ ಒಂದು ನೆತ್ತಿಯ ಹತ್ತಿರ ಇರುತ್ತದೆ. ಎರಡೂ ಬೇರೆ ಬೇರೆ ವ್ಯವಸ್ಥೆ. ಖರ್ಚು ಉಳಿಸಲು ನಾಳೆ ಒಂದನ್ನು ಮೆಲ್ಲಗೆ ಒಣಗಲು ಬಿಟ್ಟರೆ ಅರ್ಧ ಜನರ ಕಾರು ಮೂಕ. ಮಾಮೂಲಿಯಾಗಿ ಕಾರು ಹತ್ತು ಹನ್ನೆರಡು ವರ್ಷ ಓಡುತ್ತದೆ. ಅಷ್ಟು ಕಾಲ ಎರಡೂ ನಡೆಯಬೇಕು ಅಂತ ಬರೆದು ಕೊಡಲಿ.

ಸಿರಿಯಸ್ಸಿಗೆ ಸುಮಾರು 500 ಡಾಲರ್ ಕಟ್ಟಿ ಜೀವಮಾನದ ಚಂದಾ ತಗೊಂಡವರೂ ಇದ್ದಾರೆ. ಜೀವಮಾನ ಅಂದರೆ ಚಂದಾದಾರನದ್ದಲ್ಲ, ಪೆಟ್ಟಿಗೆಯದ್ದು. ಕಂಪನಿಯೇ ಬದಲಾದರೆ ಆ ಜೀವಕ್ಕೆ ಯಾರು ಹೊಣೆ ಅನ್ನುವುದೂ ನಿಮ್ಮ ಆದೇಶದಲ್ಲಿರಲಿ.

ದರ ಎಷ್ಟು ವರ್ಷ ಏರುವುದಿಲ್ಲ ಅಂತ ಅಂಕಿ ಹಾಕಿ. ಮುಗಿದ ಮಾರನೇ ದಿನ ಏನು ಅನ್ನುವುದನ್ನೂ ಈಗಲೇ ಬರೆಯಿರಿ, ಯಾಕೆಂದರೆ ಆ ಹೊತ್ತಿಗೆ ನೀವು ಆ ಕುರ್ಚಿಯಲ್ಲಿ ಇರುವುದಿಲ್ಲ, ನಾವು ಇದೇ ರಸ್ತೆಯಲ್ಲಿ ಇರುತ್ತೇವೆ. ಇನ್ನು 25 ಮೆಗಾಹರ್ಟ್ಸ್ ಪೂರ್ತಿ ಒಬ್ಬರ ಕೈಗೆ ಹೋಗುವುದಾದರೆ, ಒಂದು ಪಾಲು ಹೊರಗಿನವರಿಗೆ, ಲಾಭ ನೋಡದವರಿಗೆ ಬಿಟ್ಟುಕೊಡಲಿ ಅಂತ ಕೆಲವರು ಕೇಳುತ್ತಿದ್ದಾರೆ. ನನ್ನದೂ ಒಂದು ಕೈ ಅದಕ್ಕೆ. ಕನ್ನಡ ಚಾನೆಲ್ ಕೊಡಿ ಅಂತ ಕೇಳುವಷ್ಟು ಆಸೆಬುರುಕ ನಾನಲ್ಲ. ಕೊಟ್ಟರೆ ಬೇಡ ಅನ್ನುವುದೂ ಇಲ್ಲ.

ಒಂದು ಸಣ್ಣ ವಿಚಾರ. ಹೆಂಡತಿಯ ಕಾರಿನ ವರ್ಷದ ಚಂದಾ ಜೂನ್ ಕೊನೆಗೆ ಮುಗಿಯುತ್ತದೆ. ಇನ್ನೊಂದು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಸ್ವಲ್ಪ ಕಡಿಮೆ ಬೀಳುತ್ತದೆ, ತಿಂಗಳು ತಿಂಗಳು ಕಟ್ಟಿದರೆ ಯಾವಾಗ ಬೇಕಾದರೂ ಬಿಡಬಹುದು. "ಏನ್ ಮಾಡೋಣ?" ಅಂತ ಅವಳು ಎರಡು ಸಲ ಕೇಳಿದಳು. ನೀವು ಅಷ್ಟರೊಳಗೆ ತೀರ್ಮಾನ ಹೇಳಿದರೆ ಅವಳಿಗೆ ಉತ್ತರ ಕೊಡಬಹುದು.

ಇಂತಿ,
ಎರಡು ಬಿಲ್ಲು ಕಟ್ಟುವ ಒಬ್ಬ ಚಂದಾದಾರ